ಬಳಕೆದಾರನ ಅನುಭವವೂ ಜಾಲಸಂಚಾರದ ನಿಯಂತ್ರಣವೂ

ಜಾಲದ ಸಂಚಾರವು ಸುಗಮವಾಗಿದೆಯೆಂದು ನಿರ್ಣಯಿಸಬೇಕಾದುದು ಯಂತ್ರದ ಲೆಕ್ಕವೋ, ಬಳಸುವವನ ಅನುಭವವೋ? ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಅವರು 2012ರಲ್ಲಿ ಪ್ರಕಟಿಸಿದ 'ಕಂಟ್ರೋಲಿಂಗ್ ಕ್ಯೂ ಡಿಲೇ' ಎಂಬ ಲೇಖನವನ್ನು ಈ ಪ್ರಶ್ನೆಯ ಮುಂದಿಟ್ಟು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ದಟ್ಟಣೆಯಿಂದ ಜಾಲವು ಕುಸಿದಾಗ, ಸೆಕೆಂಡಿಗೆ 32,000 ಬಿಟ್‌ಗಳಷ್ಟಿದ್ದ ಸಾಗಣೆಯು 40 ಬಿಟ್‌ಗಳಿಗೆ ಇಳಿದಿತ್ತು. ಜೇಕಬ್‌ಸನ್ ಅವರು 1988ರಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದರು: ಪ್ಯಾಕೆಟ್ಟೊಂದು ಕಳೆದುಹೋದರೆ ಅದನ್ನು ದಟ್ಟಣೆಯ ಕುರುಹೆಂದು ತಿಳಿದು, ಕಳುಹಿಸುವ ಯಂತ್ರವು ತನ್ನ ವೇಗವನ್ನು ತಗ್ಗಿಸಬೇಕು. ಮುಂದೆ ಮೆಮೊರಿಯು ಅಗ್ಗವಾಗಿ ಉಪಕರಣಗಳಲ್ಲಿ ಬಫರುಗಳು ಹಿಗ್ಗಿದುವು. ಪ್ಯಾಕೆಟ್ಟುಗಳು ಕಳೆದುಹೋಗುವುದಕ್ಕೆ ಬದಲಾಗಿ ಸರದಿಯಲ್ಲಿ ನಿಂತುವು. ಎಚ್ಚರಿಕೆಯು ಸಕಾಲದಲ್ಲಿ ಮುಟ್ಟದಾಯಿತು. 2010ರಲ್ಲಿ ಜಿಮ್ ಗೆಟ್ಟಿಸ್ ಅವರು, ದೊಡ್ಡ ಕಡತವೊಂದನ್ನು ಕಳುಹಿಸುವಾಗ ತಮ್ಮ ಮನೆಯ ಸಂಪರ್ಕವೆಲ್ಲ ಮಂದವಾಗುವುದನ್ನು ಕಂಡು, ವಿಳಂಬವನ್ನು ಅಳೆದು ನೋಡಿದರು. ಅದು ಒಂದು ಸೆಕೆಂಡನ್ನೂ ಮೀರಿತ್ತು. ಸಾಗಣೆಯ ಮೊತ್ತವನ್ನಷ್ಟೇ ನೋಡುವ ಲೆಕ್ಕಕ್ಕೆ ಈ ದೋಷವು ಗೋಚರವಾಗುವಂತಿರಲಿಲ್ಲ.

ಪ್ರಕೃತ ಲೇಖನದ ಹಿರಿಮೆಯಿರುವುದು ಇಲ್ಲಿಯೇ. ಅದು ಸರದಿಯ ಉದ್ದವನ್ನು ಬಿಟ್ಟು, ಪ್ರತಿಯೊಂದು ಪ್ಯಾಕೆಟ್ಟೂ ಕಾಯುವ ಕಾಲವನ್ನು ಅಳೆಯುತ್ತದೆ. ಆ ಕಾಲವು 100 ಮಿಲಿಸೆಕೆಂಡುಗಳ ಅವಧಿಯಲ್ಲಿ ಒಮ್ಮೆಯೂ 5 ಮಿಲಿಸೆಕೆಂಡುಗಳಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್ಟುಗಳನ್ನು ಕೈಬಿಡಲು ತೊಡಗುತ್ತದೆ. ಬಳಕೆದಾರನು ಪಡುವ ಪಾಡೇ ಹೀಗೆ ನಿಯಂತ್ರಣದ ಮಾನದಂಡವಾಯಿತು.

ಆದರೂ ಒಂದು ಕೊರತೆಯನ್ನು ಹೇಳದೆ ಗತ್ಯಂತರವಿಲ್ಲ. ಆ 5 ಮಿಲಿಸೆಕೆಂಡುಗಳ ಮಿತಿಯು ಸಾಗಣೆ, ವಿಳಂಬಗಳನ್ನು ತೂಗಿನೋಡಿ ಗೊತ್ತುಮಾಡಿದುದೇ ಹೊರತು ಬಳಕೆದಾರರನ್ನು ಕೇಳಿ ಗೊತ್ತುಮಾಡಿದುದಲ್ಲ. ದೂರದಿಂದ ಪಾಠ ಕೇಳುವ ವಿದ್ಯಾರ್ಥಿಗೂ ಕಡತವನ್ನು ಇಳಿಸಿಕೊಳ್ಳುವವನಿಗೂ ಅದು ಒಂದೇ. 2018ರಲ್ಲಿ ಅಂತರಜಾಲದ ದಾಖಲೆಯಾಗಿ ಹೊರಬಂದ ಇದರ ಪರಿಷ್ಕೃತ ಕ್ರಮವು ಬೇರೆ ಬೇರೆ ಪ್ರವಾಹಗಳನ್ನು ಬೇರೆ ಬೇರೆ ಸರದಿಗಳಲ್ಲಿ ನಿಲ್ಲಿಸಿ, ಈ ಕೊರತೆಯನ್ನು ಅಂಶತಃ ನೀಗಿಸಿದೆ.

ಹಾಗೆಂದು ಬಳಕೆದಾರರಿಂದ 1ರಿಂದ 5ರವರೆಗೆ ಅಂಕಗಳನ್ನು ಪಡೆದು ಸರಾಸರಿ ತೆಗೆಯುವ, ದೂರವಾಣಿಯ ಕಾಲದ ಪದ್ಧತಿಯೊಂದೇ ಸಾಕೆನ್ನಲಾಗದು. ಎಲ್ಲರೂ 3 ಕೊಟ್ಟರೂ ಸರಾಸರಿ 3. ಅರ್ಧ ಮಂದಿ 5, ಉಳಿದರ್ಧ ಮಂದಿ 1 ಕೊಟ್ಟರೂ ಸರಾಸರಿ 3. ಎರಡನೆಯ ಜಾಲದಲ್ಲಿ ಅರ್ಧ ಮಂದಿ ಸಂಕಟಪಡುತ್ತಿದ್ದಾರೆಂಬ ಸಂಗತಿಯೇ ಸರಾಸರಿಯಲ್ಲಿ ಅಡಗಿಹೋಗುತ್ತದೆ. ಗೆಟ್ಟಿಸ್ ಅವರ ಅಸಮಾಧಾನವು ಫಲ ಕೊಟ್ಟುದು ಅದು ಅಂಕವಾಗಿ ಉಳಿದುದರಿಂದಲ್ಲ, ಅದರ ಜಾಡು ಹಿಡಿದು ದೋಷದ ಸ್ಥಳವನ್ನೂ ಸಮಯವನ್ನೂ ಹುಡುಕಿದುದರಿಂದ. ದೂರನ್ನು ಅಳತೆಯ ಆರಂಭವೆಂದು ತಿಳಿಯಬೇಕು, ಅಳತೆಗೆ ಬದಲಿಯೆಂದಲ್ಲ. ಈ ವಿಷಯದಲ್ಲಿ ಕೆಲಸಮಾಡಬಯಸುವ ವಿದ್ಯಾರ್ಥಿಗಳಿಗೆ ನಾವು ಒತ್ತಿ ಹೇಳಬಯಸುವುದು ಇಷ್ಟೆ.