ಪಿನ್ ಹೋದ ಫೋನಿಗೆ ಬೇರು ಹುಡುಕುವವರು

ಖಾನಾಪುರದಲ್ಲಿ ಇಟ್ಟಂಗಿ ಭಟ್ಟಿ ನಡೆಸುವ ನನ್ನ ಚಿಕ್ಕಪ್ಪನ ಮಗನ ಫೋನು ಹೋದ ವರ್ಷ ಚಾರ್ಜ್ ಆಗುವುದನ್ನು ನಿಲ್ಲಿಸಿತು. ಆ ಊರಿನ ಮಣ್ಣು ಹಂಚಿಗೆ, ಇಟ್ಟಂಗಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಅದೇ ಮಣ್ಣಿನ ಧೂಳು, ಮೇಲೆ ಮಳೆಗಾಲದ ಥಂಡಿ, ಎರಡೂ ಸೇರಿ ಫೋನಿನ ಪಿನ್ನನ್ನು ತಿಂದುಹಾಕಿದ್ದವು. ಕೂಲಿಯವರ ಮುಂಗಡದ ಲೆಕ್ಕದ ಪಟ್ಟಿ ಮಳೆಗೆ ನೆನೆದುಹೋದ ಮೇಲೆ ಅದರ ಹಾಳೆಗಳ ಫೋಟೊ ಉಳಿದದ್ದು ಆ ಫೋನಿನಲ್ಲಿ ಮಾತ್ರ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಪಕ್ಕದ ಮನೆ ಹುಡುಗ ಬಂದು ನೋಡಿ ಹೇಳಿದನಂತೆ: "ಅಣ್ಣಾರ, ಪಿನ್ ಹೋದ್ರ ಹೋಗ್ಲಿ ಬಿಡ್ರಿ. ವೈಫೈ ಮ್ಯಾಲೇ ರೂಟ್ ಮಾಡಿದ್ರಾತು, ಎಲ್ಲಾ ಹೊರಗ ಬರ್ತೈತಿ."

ಹುಡುಗ ಕೆಟ್ಟವನಲ್ಲ, ದಡ್ಡನೂ ಅಲ್ಲ. ಫೋನಿನ ಬಗ್ಗೆ ನಾಲ್ಕು ಮಾತು ಬಲ್ಲವರೆಲ್ಲ ಇವತ್ತು ಹೇಳುವುದನ್ನೇ ಅವನೂ ಹೇಳಿದ. ರೂಟ್ ಎಂದರೆ ಸರ್ವಾಧಿಕಾರ, ಅದು ಕೈಗೆ ಸಿಕ್ಕರೆ ಫೋನು ನಿಮ್ಮ ಮಾತು ಕೇಳುತ್ತದೆ, ಸಿಗದಿದ್ದರೆ ನೀವು ಬರೀ ಬಾಡಿಗೆದಾರ. ಪಿನ್ ಮುರಿದಿದ್ದರೆ ಅದನ್ನು ಬಿಟ್ಟು ಹೋಗುವ ಇನ್ನೊಂದು ದಾರಿ ಇದ್ದೇ ಇರುತ್ತದೆ. ಇಷ್ಟು ಜನ ಇಷ್ಟು ಧೈರ್ಯದಿಂದ ಹೇಳುವ ಈ ಮಾತು ನನ್ನ ಪ್ರಕಾರ ಬುಡದಲ್ಲೇ ತಪ್ಪು. ಪಿನ್ ಹೋದ ಫೋನಿಗೆ ಬೇಕಾದದ್ದು ಕಾವಿಗೆ ಇಟ್ಟ ಸೋಲ್ಡರಿಂಗ್ ಕಡ್ಡಿ. ರೂಟಿನ ಮಾತು ಅದಾದ ಮೇಲೆ, ಅದೂ ಬೇಕೆನಿಸಿದರೆ.

ಮೊದಲು ದಾರಿಯ ವಿಷಯ. ಆಂಡ್ರಾಯ್ಡಿನ ತಳದಲ್ಲಿರುವುದು ಲಿನಕ್ಸ್. ಅಲ್ಲಿ ಪ್ರತಿ ಬಳಕೆದಾರನಿಗೂ ಒಂದು ಅಂಕಿ ಇರುತ್ತದೆ. ಸೊನ್ನೆ ಯಾರದೋ ಅವನೇ ರೂಟ್. ವೈಫೈ ಮೇಲೆ ಕಂಪ್ಯೂಟರಿನಿಂದ ಫೋನಿಗೆ ಹೋಗುವ ಎಡಿಬಿ ಎಂಬ ದಾರಿ ನಿಜಕ್ಕೂ ಇದೆ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಆರಂಕಿಯ ಕೋಡ್ ಒತ್ತಿ ವೈರಿಲ್ಲದೆಯೇ ಜೋಡಿಸಬಹುದು. ಆದರೆ ಆ ದಾರಿಯಲ್ಲಿ ಹೋದವನಿಗೆ ಸಿಗುವ ಅಂಕಿ 2000, ಸೊನ್ನೆಯಲ್ಲ. ಪಡಸಾಲೆಗೆ ಬಂದು ಕೂಡಬಹುದು, ಬೇಡದ ಆ್ಯಪ್‌ಗಳನ್ನು ಬದಿಗೆ ಸರಿಸಬಹುದು, ಫೋಟೊಗಳನ್ನೂ ಎತ್ತಿಕೊಂಡು ಹೋಗಬಹುದು, ಅಡುಗೆಮನೆಗೆ ಪ್ರವೇಶವಿಲ್ಲ. ನನ್ನ ತಮ್ಮನ ಫೋನು ಆಂಡ್ರಾಯ್ಡ್ 10ರದು. ಅದರಲ್ಲಿ ವೈಫೈ ದಾರಿ ತೆರೆಯಬೇಕಾದರೆ ಮೊದಲ ಅಪ್ಪಣೆಯನ್ನು ಯುಎಸ್‌ಬಿ ವೈರಿನ ಮೂಲಕವೇ ಕೊಡಬೇಕು. ಬಾವಿಯಲ್ಲಿ ಬಿದ್ದ ಹಗ್ಗವನ್ನು ಅದೇ ಹಗ್ಗದಿಂದ ಎತ್ತಿದ ಹಾಗೆ.

ರೂಟ್ ಮಾಡುವ ರಾಜಮಾರ್ಗ ಬೇರೆಯೇ. ಬೂಟ್‌ಲೋಡರಿನ ಬೀಗ ತೆಗೆಯಬೇಕು, ಆಮೇಲೆ ಫೋನನ್ನು ಎಬ್ಬಿಸುವ ಬೂಟ್ ಇಮೇಜ್ ಎಂಬ ಕಡತವನ್ನು ತಿದ್ದಿ ಹಾಕಬೇಕು. ಬೂಟ್‌ಲೋಡರ್ ಎಂಬುದು ಆಂಡ್ರಾಯ್ಡ್ ಏಳುವ ಮೊದಲೇ ಎದ್ದಿರುವ ಪುಟ್ಟ ಕಾವಲುಗಾರ. ಸಾಮಾನ್ಯ ಫೋನುಗಳಲ್ಲಿ ಅವನಿಗೆ ವೈಫೈ ಭಾಷೆ ಬರುವುದಿಲ್ಲ, ಬ್ಲೂಟೂತ್ ಬರುವುದಿಲ್ಲ. ಅವನು ಮಾತಾಡುವುದು ಯುಎಸ್‌ಬಿಯಲ್ಲಿ ಮಾತ್ರ. ಸ್ಯಾಮ್‌ಸಂಗ್‌ನ ಡೌನ್‌ಲೋಡ್ ಮೋಡ್ ಆಗಲಿ ಉಳಿದವರ ಫಾಸ್ಟ್‌ಬೂಟ್ ಆಗಲಿ, ಕಥೆ ಒಂದೇ. ಒಂದು ವಿನಾಯಿತಿ ಉಂಟು. ಮುಂಚೆಯೇ ಬೀಗ ತೆಗೆದು ಟಿಡಬ್ಲ್ಯುಆರ್‌ಪಿಯಂಥ ರಿಕವರಿ ಹಾಕಿಟ್ಟವರು ಮೆಮೊರಿ ಕಾರ್ಡಿನಿಂದ ಮ್ಯಾಜಿಸ್ಕ್ ಎಂಬ ರೂಟ್ ಸಾಧನ ಹಾಕಿಕೊಂಡು ವೈರಿಲ್ಲದೆ ರೂಟ್ ಆಗಬಹುದು. ಆದರೆ ಅಂಥವರು ಪಕ್ಕದ ಮನೆ ಹುಡುಗನನ್ನು ಕೇಳಲು ಬರುವವರಲ್ಲ.

ಹಾಗಾದರೆ ಒಂದೇ ಗುಂಡಿ ಒತ್ತಿ ರೂಟ್ ಮಾಡುವ ಆ್ಯಪ್‌ಗಳು? ಇದ್ದವು. 2014ರ ಜೂನ್‌ನಲ್ಲಿ ಜಾರ್ಜ್ ಹಾಟ್ಜ್ ಎಂಬಾತ ಬಿಟ್ಟ ಟವೆಲ್‌ರೂಟ್ ಆಗಿನ ದೊಡ್ಡ ದೊಡ್ಡ ಫೋನುಗಳನ್ನೂ ಚಿಟಿಕೆ ಹೊಡೆಯುವಷ್ಟರಲ್ಲಿ ಮಣಿಸಿತ್ತು. ಅದು ಕೆಲಸ ಮಾಡಿದ್ದು ಲಿನಕ್ಸ್ ಕರ್ನೆಲಿನ ಒಂದು ತೂತಿನಿಂದ. 2016ರ ಅಕ್ಟೋಬರಿನಲ್ಲಿ ಬಯಲಾದ ಡರ್ಟಿ ಕೌ ಇನ್ನೊಂದು ತೂತು. ಗೂಗಲ್ 2015ರಿಂದ ತಿಂಗಳು ತಿಂಗಳು ಕೊಡುತ್ತಿರುವ ಭದ್ರತಾ ತೇಪೆ ಇಂಥ ತೂತುಗಳಿಗೇ. ನಿಮ್ಮ ಫೋನು ಇನ್ನೂ ಒಂದೇ ಗುಂಡಿಗೆ ರೂಟ್ ಆಗುತ್ತದೆ ಎಂದರೆ ಹೆಮ್ಮೆ ಪಡಬೇಡಿ. ನೀವು ನುಗ್ಗಿದ ಕಿಂಡಿಯಲ್ಲಿ ಕಳ್ಳನೂ ನುಗ್ಗಬಹುದು.

ಇಷ್ಟೆಲ್ಲ ದಾಟಿ ಬೂಟ್‌ಲೋಡರ್ ಬೀಗ ತೆಗೆದೇಬಿಟ್ಟೆವು ಅನ್ನಿ. ಆಗ ನಡೆಯುವುದನ್ನು ಆ ಹುಡುಗ ಹೇಳಲಿಲ್ಲ. ಬಹುಶಃ ಅವನಿಗೆ ಗೊತ್ತಿರಲಿಲ್ಲ. ಬೀಗ ತೆಗೆದ ಕೂಡಲೇ ಫೋನು ತನ್ನೊಳಗಿನದ್ದನ್ನೆಲ್ಲ ಅಳಿಸಿಹಾಕುತ್ತದೆ. ಕದ್ದ ಫೋನಿನ ಬೀಗ ತೆಗೆದು ಒಳಗಿನದ್ದನ್ನು ಓದಬಾರದೆಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಆಂಡ್ರಾಯ್ಡ್ 10ರೊಂದಿಗೆ ಹೊರಬಂದ ಫೋನುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಕೂತಿರುತ್ತದೆ, ಅಳಿಸುವಾಗ ಅದರ ಕೀಲಿಯೂ ಹೋಗುತ್ತದೆ, ಮತ್ತೆ ಯಾವ ಸಾಫ್ಟ್‌ವೇರ್ ಹೊಡೆದರೂ ಮರಳುವುದಿಲ್ಲ. ಲೆಕ್ಕದ ಹಾಳೆ ಉಳಿಸಲೆಂದು ರೂಟ್ ಮಾಡಹೊರಟವನು ಮೊದಲು ಕಳೆದುಕೊಳ್ಳುವುದು ಆ ಲೆಕ್ಕದ ಹಾಳೆಗಳನ್ನೇ. ಗೂಗಲ್ ಪೇ, ಬ್ಯಾಂಕಿನ ಆ್ಯಪ್‌ಗಳು ರೂಟಾದ ಫೋನು ಕಂಡರೆ ಮುಖ ತಿರುಗಿಸುವುದು ಆಮೇಲಿನ ಮಾತು. ಭಟ್ಟಿಯ ಕೂಲಿಯನ್ನು ಫೋನಿನಲ್ಲೇ ಹಾಕುವವನಿಗೆ ಅದು ಸಣ್ಣ ಮಾತೇನಲ್ಲ.

ಮತ್ತೊಂದು ವಿಷಯ ಹೇಳಿದರೆ ನಗುತ್ತೀರಿ. ಈ ಸಲಹೆ ಕೊಟ್ಟ ಗಳಿಗೆಯಲ್ಲಿ ಫೋನಿನಲ್ಲಿ ಉಳಿದಿದ್ದ ಬ್ಯಾಟರಿ ನೂರಕ್ಕೆ ಹನ್ನೊಂದು. ಪಿನ್ ಹೋದ ಫೋನಿಗೆ ಕರೆಂಟ್ ಬರುವುದೆಲ್ಲಿಂದ? ವೈರಿಲ್ಲದೆ ಚಾರ್ಜ್ ಆಗುವ ಸೌಲಭ್ಯ ದುಬಾರಿ ಫೋನುಗಳಿಗೆ. ಹಿಂದೆ ಬ್ಯಾಟರಿ ತೆಗೆದು ಕ್ಲಿಪ್ಪಿಗೆ ಸಿಕ್ಕಿಸುವ ಯುನಿವರ್ಸಲ್ ಚಾರ್ಜರ್ ಪ್ರತಿ ಪಾನ್ ಅಂಗಡಿಯಲ್ಲಿ ನೇತಾಡುತ್ತಿತ್ತು. ಈಗ ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಿರುತ್ತಾರೆ. ಹನ್ನೊಂದರಲ್ಲಿ ಆಗಬಹುದಾಗಿದ್ದ ಬುದ್ಧಿವಂತ ಕೆಲಸ ಒಂದೇ: ಬ್ಲೂಟೂತಿನಿಂದಲೋ ಕ್ವಿಕ್ ಶೇರ್‌ನಿಂದಲೋ ಆ ಫೋಟೊಗಳನ್ನು ಹೆಂಡತಿಯ ಫೋನಿಗೆ ದಾಟಿಸುವುದು. ಅದಕ್ಕೆ ರೂಟೂ ಬೇಡ, ಕಂಪ್ಯೂಟರೂ ಬೇಡ. ರೂಟ್ ಮಾಡುವ ವಿಡಿಯೊ ನೋಡುತ್ತ ಆ ಹನ್ನೊಂದೂ ಮುಗಿಯಿತು.

ಬೆಳಗಾವಿಯಂಥ ಊರಿನಲ್ಲಿ ಈ ನಂಬಿಕೆ ಬೆಳೆದದ್ದು ನನಗೆ ವಿಚಿತ್ರವಾಗಿ ಕಾಣುತ್ತದೆ. ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು, ಲೇಥಿಗೆ ಹಾಕಿ ಕೂದಲೆಳೆಯ ಅಳತೆಗೆ ತರುವ ಊರು ಇದು. ಫೌಂಡ್ರಿಯಲ್ಲಿ ಅಚ್ಚು ಒಡೆದರೆ ಅಚ್ಚನ್ನೇ ಸರಿಮಾಡುತ್ತಾರೆ. ನಕ್ಷೆ ತಿದ್ದುತ್ತ ಕೂಡುವುದಿಲ್ಲ. ಆದರೆ ಫೋನಿನ ವಿಷಯ ಬಂದಾಗ ಸಾಫ್ಟ್‌ವೇರ್ ಬಲ್ಲವನಿಗೆ ಕುರ್ಚಿ, ಗಣಪತ ಗಲ್ಲಿಯ ಗೂಡಂಗಡಿಯಲ್ಲಿ ಭೂತಗನ್ನಡಿ ಹಾಕಿಕೊಂಡು ಕೂತವನಿಗೆ "ಬರೀ ರಿಪೇರಿಯವ" ಎಂಬ ಹೆಸರು. 1998ರಿಂದ ತಾಂತ್ರಿಕ ವಿಶ್ವವಿದ್ಯಾಲಯವೇ ಈ ಊರಲ್ಲಿದೆ. ಅದರ ಪದವಿ ಕೈಯಲ್ಲಿ ಹಿಡಿದವರು ಸೋಲ್ಡರಿಂಗ್ ಕಡ್ಡಿಯನ್ನೂ ಹಿಡಿದರೆ ಗೌರವ ಕಮ್ಮಿಯಾಗುತ್ತದೆಯೇ?

ಆ ರಿಪೇರಿಯವನಿಗೆ ಗೊತ್ತಿರುವುದನ್ನು ನೋಡಿ. ಮೈಕ್ರೊ ಯುಎಸ್‌ಬಿಯಲ್ಲಿ ಇರುವುದು ಐದು ಕಾಲು: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ, ಐದನೆಯದು ಗುರುತಿಗೆ. ಆದ್ದರಿಂದ ಚಾರ್ಜ್ ಆಗುವ ಫೋನು ಕಂಪ್ಯೂಟರಿಗೆ ಕಾಣದೆ ಇರಬಹುದು, ಕರೆಂಟಿನ ಕಾಲು ಗಟ್ಟಿಯಿದ್ದು ಡೇಟಾದ್ದು ಮಾತ್ರ ಬಿಟ್ಟಿರಬಹುದು. ಎಷ್ಟೋ ಸಲ ಪಿನ್ನೇ ಸರಿ ಇರುತ್ತದೆ. ಜೇಬಿನ ನೂಲುಧೂಳು ತುಂಬಿರುತ್ತದೆ, ಇಲ್ಲವೇ ವೈರಿನೊಳಗೆ ಡೇಟಾ ಎಳೆಯೇ ಇರುವುದಿಲ್ಲ. ಹಲವು ಫೋನುಗಳಲ್ಲಿ ಪಿನ್ ಇರುವುದು ಮುಖ್ಯ ಬೋರ್ಡಿನ ಮೇಲಲ್ಲ, ಕೆಳಗಿನ ಪುಟ್ಟ ಚಾರ್ಜಿಂಗ್ ಬೋರ್ಡಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡನ್ನೇ ಬದಲಿಸಿದರೆ ಮುಗಿಯಿತು. ಒಳಗಿನ ಒಂದು ಫೋಟೊ ಕೂಡ ಅಲುಗುವುದಿಲ್ಲ.

ಫೋನಿನ ಒಡೆತನ ಕಂಪನಿಗಳ ಕೈಯಲ್ಲಿದೆ ಎಂಬ ಸಿಟ್ಟು ನನಗೂ ಇದೆ. ಕೆಲವರು ಬೂಟ್‌ಲೋಡರ್ ಬೀಗ ತೆಗೆಯಲು ದಿನಗಟ್ಟಲೆ ಕಾಯಿಸುತ್ತಾರೆ, ಕೆಲವರು ಬೀಗದ ಕೈಯನ್ನೇ ಕೊಡುವುದಿಲ್ಲ. ರೂಟ್ ಮಾಡುವವರೆಲ್ಲ ಕಳ್ಳರೆನ್ನುವವರ ಪಕ್ಷದವನೂ ನಾನಲ್ಲ. ಹಳೆಯ ಫೋನಿಗೆ ಲಿನೇಜ್ ಓಎಸ್‌ನಂಥ ಬೇರೆ ಆಂಡ್ರಾಯ್ಡ್ ಹಾಕಿ ಇನ್ನೂ ವರ್ಷಗಟ್ಟಲೆ ಓಡಿಸುವವರನ್ನು ಕಂಡರೆ ಸಂತೋಷವೇ. ಆದರೆ ಆ ಸಿಟ್ಟನ್ನು ಸೊನ್ನೆ ಅಂಕಿಯ ಮೇಲಷ್ಟೇ ಖರ್ಚು ಮಾಡಿದರೆ ಖಾನಾಪುರದವನಿಗೆ ದಕ್ಕುವುದೇನು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳ ಬಿಡಿಭಾಗ ಮಾರಾಟ ನಿಂತ ಮೇಲೂ ಏಳು ವರ್ಷ ಸಿಗಲೇಬೇಕೆಂಬ ನಿಯಮ ಇದೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ಬಳಸುವ ಅಗ್ಗದ ಫೋನಿನ ಚಾರ್ಜಿಂಗ್ ಬೋರ್ಡು ನಾಲ್ಕು ವರ್ಷ ಬಿಟ್ಟರೂ ಖಾನಾಪುರದ ಪೇಟೆಯಲ್ಲಿ ಸಿಗಬೇಕು ಎಂದು ಕೇಳುವವರು ಎಷ್ಟು ಜನ? ಒಡೆತನದ ಜಗಳ ಅಲ್ಲಿಂದ ಶುರುವಾಗಬೇಕಿತ್ತು.

ತಮ್ಮ ಕೊನೆಗೆ ಬಸ್ಸು ಹತ್ತಿ ಬೆಳಗಾವಿಗೆ ಬಂದ. ನಾನೂ ಜೊತೆಗೆ ಹೋದೆ. ರಿಪೇರಿಯವನು ಪಿನ್ನಿನೊಳಗೆ ಬೆಳಕು ಹಾಕಿ ನೋಡಿ, "ಏನ್ರೀ, ಇದರಾಗ ಇಟ್ಟಂಗಿ ಸುಟ್ಟೀರೇನ್?" ಅಂದ. ಒಂದು ತಾಸಿನಲ್ಲಿ ಬೋರ್ಡು ಬದಲಾಯಿತು. ಕಂಪ್ಯೂಟರಿಗೆ ಹಚ್ಚಿ ಲೆಕ್ಕದ ಹಾಳೆಗಳನ್ನೆಲ್ಲ ಇಳಿಸಿಕೊಂಡೆವು. ಈಗ ಭಟ್ಟಿಗೆ ಹೋಗುವಾಗ ಅವನು ಫೋನನ್ನು ಹಾಲಿನ ಪ್ಯಾಕೆಟ್ಟಿನೊಳಗಿಟ್ಟು ಬಾಯಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾನೆ.