ಬಿಸಿಲಿಲ್ಲದ ತಿಂಗಳ ಬಸವನಹುಳು

ಮುಂಗಾರು ಹಿಡಿದರೆ ಸಾಕು, ಮುಂಬೈಯ ಆರೆ ಕಾಲನಿ, ಬೊರಿವಲಿ ಕಡೆಯ ಕಾಂಪೌಂಡ್ ಗೋಡೆ, ಹೂಕುಂಡ, ಪಪ್ಪಾಯಿ ಗಿಡಗಳ ಮೇಲೆಲ್ಲ ಆಫ್ರಿಕಾದ ದೈತ್ಯ ಬಸವನಹುಳು ಕಾಣಿಸಿಕೊಳ್ಳುತ್ತದೆ. ಇದನ್ನು ಆಯ್ದು ಕುದಿಸಿ, ಒಣಗಿಸಿ, ಪುಡಿಮಾಡಿ ಮೀನು ಸಿಗಡಿ ಸಾಕುವವರಿಗೆ ಮೇವಾಗಿ ಕೊಡಬಹುದು ಎಂಬ ಸಲಹೆ ಕೇಳಲು ಸೊಗಸಾಗಿದೆ. ಪೀಡೆ ತೊಲಗುತ್ತದೆ, ಫಿಶ್‌ಮೀಲ್ ಎಂಬ ಮೀನಿನ ಪುಡಿಗೆಂದು ಕಡಲಿನ ಸಣ್ಣ ಮೀನನ್ನು ಬಾಚುವುದೂ ತಗ್ಗುತ್ತದೆ. ಉಳ್ಳಾಲದ ಫಿಶ್‌ಮೀಲ್ ಕಾರ್ಖಾನೆಗಳ ವಾಸನೆ ಕುಡಿದು ಬೆಳೆದು ಮುಂಬೈಗೆ ಬಂದವರಿಗೆ ಈ ಎರಡನೆಯ ಲಾಭದ ಬೆಲೆ ಹೇಳಿಕೊಡಬೇಕಿಲ್ಲ.

ಎಡವುವುದು ಒಣಗಿಸುವಲ್ಲಿ. ಬೇಸಿಗೆಯಲ್ಲಿ ಈ ಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನಲ್ಲೋ ಕಲ್ಲಿನ ಸಂದಿಯಲ್ಲೋ ಮಲಗಿಬಿಡುತ್ತದೆ. ರಾಶಿಗಟ್ಟಲೆ ಕೈಗೆ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳಲ್ಲಿ ಇಲ್ಲಿ ಸುರಿಯುವ ಮಳೆ 2,000 ಮಿ.ಮೀ.ಗೂ ಹೆಚ್ಚು. ಒಣಗಿಸುವ ವಿದ್ಯೆ ಈ ಊರಿಗೆ ಹೊಸದಲ್ಲ. ವರ್ಸೋವಾ, ಮಢ್, ಉತ್ತನ್‌ನ ಮೀನುಗಾರರ ಕೋಳಿವಾಡಗಳಲ್ಲಿ ಬಿದಿರ ಚೌಕಟ್ಟಿಗೆ ಬೊಂಬಿಲ್ ಮೀನು ತೂಗುಹಾಕುತ್ತಾರೆ, ನೆಲದ ಮೇಲೆ ಜವಳಾ ಸಿಗಡಿ ಹರವುತ್ತಾರೆ. ಆದರೆ ಮಳೆಗಾಲದಲ್ಲಿ ಆ ಚೌಕಟ್ಟುಗಳೂ ಖಾಲಿ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ದೋಣಿಗಳೇ ದಡದಲ್ಲಿರುತ್ತವೆ.

ಹಾಗಾದರೆ ಬೆಂಕಿಯೋ ವಿದ್ಯುತ್ತೋ ಬೇಕು. ಲೆಕ್ಕ ನೋಡಿ: ನೂರು ಕಿಲೋ ಹುಳುವಿನಲ್ಲಿ ಚಿಪ್ಪು, ಕರುಳು, ಲೋಳೆ ಕಳೆದರೆ ಸುಮಾರು ನಲವತ್ತು ಕಿಲೋ ಮಾಂಸ. ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಆ ಮೂವತ್ತು ಕಿಲೋ ನೀರನ್ನು ಹಬೆಯಾಗಿಸಿದ ಮೇಲೆ ಕೈಗೆ ಬರುವುದು ಹತ್ತು ಕಿಲೋದ ಒಳಗೆ. ಮೀನಾದರೆ ನಾಲ್ಕೈದು ಕಿಲೋಗೇ ಒಂದು ಕಿಲೋ ಫಿಶ್‌ಮೀಲ್ ಬರುತ್ತದೆ, ಅದೂ ಚಿಪ್ಪು ಒಡೆಯುವ ಕೂಲಿಯಿಲ್ಲದೆ.

ಪುಡಿಯ ಗುಣವನ್ನು ಅಲ್ಲಗಳೆಯುತ್ತಿಲ್ಲ. ಅದರ ಅರ್ಧಕ್ಕೂ ಮಿಕ್ಕಿ ಪ್ರೋಟೀನ್. ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಮಾತ್ರ ಫಿಶ್‌ಮೀಲ್‌ಗಿಂತ ಕಡಿಮೆ, ಅದನ್ನು ಬೇರೆಯಾಗಿ ಬೆರೆಸಬಹುದು. ಹೆದರಿಕೆ ಇರುವುದು ನಗರದ ಹುಳುವಿನ ಬಗ್ಗೆ. ಇಲಿಯ ಶ್ವಾಸಕೋಶದ ಹುಳುವಿನ ಮರಿಗಳು ಬಸವನಹುಳುವಿನ ಮೈಯಲ್ಲಿ ಬೆಳೆಯುತ್ತವೆ, ಮನುಷ್ಯನ ಮಿದುಳಿನ ಪೊರೆಗೆ ಉರಿಯೂತ ತರುತ್ತವೆ. ಚೆನ್ನಾಗಿ ಕುದಿಸಿದರೆ ಮೇವಿನ ಮಟ್ಟಿಗೆ ಆ ಭಯ ಕಳೆಯುತ್ತದೆ. ಗ್ಲೌಸ್ ಇಲ್ಲದೆ ಆಯುವವರ ಭಯ ಕಳೆಯುವುದಿಲ್ಲ. ಕ್ಯಾಡ್ಮಿಯಂನಂಥ ಲೋಹವಂತೂ ಕುದಿಸಿದರೂ ಹೋಗದು. ಬಸವನಹುಳು ಮಣ್ಣಿನ ಲೋಹವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವ ಪ್ರಾಣಿ. ಹೆದ್ದಾರಿಯ ಪಕ್ಕದ ಚರಂಡಿಯಲ್ಲಿ ಬೆಳೆದದ್ದನ್ನು ಪರೀಕ್ಷೆ ಮಾಡದೆ ಯಾವ ಮೀನಿಗೂ ಹಾಕಬಾರದು. ಜೊತೆಗೆ ಸೊಸೈಟಿಯ ಮಾಲಿಗಳು ಉಪ್ಪೆರಚುತ್ತಾರೆ, ಮೆಟಾಲ್ಡಿಹೈಡ್ ಗುಳಿಗೆ ಇಡುತ್ತಾರೆ. ವಿಷ ತಿಂದು ಸತ್ತ ಹುಳು ಮೇವಿನ ಚೀಲಕ್ಕೆ ಬೀಳದಂತೆ ಕಾಯುವವರು ಯಾರು? ಮೀನಿನ ಪೋಷಣೆಯನ್ನು ಕಲಿಸುವ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ 1961ರಿಂದ ಈ ಊರಲ್ಲೇ ಇದೆ. ಪರೀಕ್ಷೆಗೆ ದೂರ ಹೋಗಬೇಕಿಲ್ಲ, ಆದರೆ ಪ್ರತಿ ಚೀಲಕ್ಕೂ ಪರೀಕ್ಷೆಯೆಂದರೆ ಖರ್ಚು ಮೇವಿನ ಬೆಲೆಯನ್ನೇ ನುಂಗುತ್ತದೆ.

ಹುಳುವಿಗೆ ಬೆಲೆ ಕಟ್ಟುವುದೂ ಅಪಾಯವೇ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿ ತಜ್ಞ ಮಾರಿಷಸ್‌ನಿಂದ ತಂದ ಹುಳುಗಳು ಕಲ್ಕತ್ತಾದ ಚೌರಂಗಿಯ ತೋಟ ಸೇರಿದವು. ದೇಶಕ್ಕೆ ಹಬ್ಬಲು ಅಷ್ಟೇ ಸಾಕಾಯಿತು. ಒಂದು ಸಲಕ್ಕೆ ನೂರಿನ್ನೂರು ಮೊಟ್ಟೆಯಿಡುವ ಪ್ರಾಣಿಗೆ ಕಿಲೋಗಿಷ್ಟು ಎಂದು ದರ ಗೊತ್ತುಮಾಡಿದರೆ ಸಾಕುವವರು ಹುಟ್ಟಿಕೊಳ್ಳುತ್ತಾರೆ. 2000ದಲ್ಲೇ ನಿಷೇಧಗೊಂಡ ಆಫ್ರಿಕನ್ ಮಾಗುರ್ ಮೀನನ್ನು ಠಾಣೆ ಜಿಲ್ಲೆಯಲ್ಲಿ ಕದ್ದು ಸಾಕಿದವರನ್ನು ನೋಡಿದ್ದೇವಲ್ಲ. ಮಾಂಸದ ಯಾವ ಚೂರನ್ನೂ ಬಿಡದ ಆ ಮೀನೇ ಈ ಪುಡಿಯ ಮೊದಲ ಗಿರಾಕಿಯಾದರೆ ಆಶ್ಚರ್ಯವಿಲ್ಲ.

ಹುಳುವನ್ನು ಮೇವಾಗಿಸುವ ಸಲಹೆ ಹೊಂದುವ ಜಾಗ ಬೇರೆ. ಬಾಂಗ್ಲಾದೇಶದ ಖುಲ್ನಾ ಕಡೆ ಸಿಗಡಿ ಕೊಳಗಳಿಗೆ ನೀರಿನ ಬಸವನಹುಳುವಿನ ಹಸಿ ಮಾಂಸವನ್ನು ಹಾಕುತ್ತಾರೆ, ಒಣಗಿಸುವ ಗೊಡವೆಯೇ ಇಲ್ಲ. ಕೊಡಗಿನ ಶನಿವಾರಸಂತೆಯ ಸುತ್ತ ಕಾಫಿ ತೋಟಗಳಿಗೆ ಇದೇ ದೈತ್ಯ ಹುಳು ನುಗ್ಗಿದೆ. ಹತ್ತಿರದಲ್ಲಿ ಕೆರೆಯಿದ್ದು ಮೀನು ಸಾಕಿದ್ದರೆ, ವಿಷವಿಡದ ತೋಟದ ಹುಳುವನ್ನು ಕುದಿಸಿ ಅಂದೇ ಹಾಕುವುದು ಸಾಧ್ಯವಿರುವ ಕೆಲಸ. ಮುಂಬೈಯಲ್ಲಿ ಆಯ್ದದ್ದನ್ನು ಕೊಂದು ಆಳವಾಗಿ ಹೂಳುವುದೇ ಅಗ್ಗ.