ತಲೆಬುರುಡೆ ಹೇಳದೆ ಬಿಟ್ಟದ್ದು

ಬಿಳಿಯ ಹಿನ್ನೆಲೆ, ಕೆಂಪು ಅಕ್ಷರ, ಅಡ್ಡಡ್ಡ ಇಟ್ಟ ಎರಡು ಎಲುಬು, ಒಂದು ತಲೆಬುರುಡೆ. ವಿದ್ಯುತ್ ಅಪಾಯದ ಈ ಫಲಕವನ್ನು ನೋಡದವರಿಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 35ನೆಯದು ಇದನ್ನು ಕಡ್ಡಾಯ ಮಾಡಿತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಹಾಗೂ 2023ರ ನಿಯಮಾವಳಿಗಳು ಅದನ್ನೇ ಮುಂದುವರಿಸಿವೆ. 250 ವೋಲ್ಟ್ ಮೀರಿದ ಕಡೆ ಹಿಂದಿ ಅಥವಾ ಇಂಗ್ಲಿಷಿನಲ್ಲೂ ಜಿಲ್ಲೆಯ ಸ್ಥಳೀಯ ಭಾಷೆಯಲ್ಲೂ ಬರೆದ ಫಲಕ ಎದ್ದು ಕಾಣುವಂತೆ ಇರಬೇಕು. ವಿನ್ಯಾಸಕ್ಕೆ ಆಧಾರ ಭಾರತೀಯ ಮಾನಕ 2551. ದಾರಿಹೋಕರನ್ನು ದೂರವಿಡಲು ಇಷ್ಟು ಸಾಕು. ಆದರೆ ಆ ಪೆಟ್ಟಿಗೆಯ ಪಕ್ಕದಲ್ಲೇ ದಿನವಿಡೀ ದುಡಿಯುವವರಿಗೆ?

ಕಾರವಾರದ ಬೈತಖೋಲ, ಅಂಕೋಲಾ ತಾಲ್ಲೂಕಿನ ಬೇಲೆಕೇರಿಯಂಥ ಬಂದರುಗಳ ಮೀನುಗಾರಿಕೆ ನೆಚ್ಚಿಕೊಂಡಿರುವ ಮಂಜುಗಡ್ಡೆ ಕಾರ್ಖಾನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಉಪ್ಪುನೀರಿನ ತೊಟ್ಟಿಯಲ್ಲಿ ನೀರಿನ ಡಬ್ಬಿಗಳನ್ನು ಮುಳುಗಿಸಿಟ್ಟು ಗಡ್ಡೆ ಕಟ್ಟಿಸುತ್ತಾರೆ. ನೆಲ ಒದ್ದೆ, ಕೈ ಒದ್ದೆ, ಅದೂ ಉಪ್ಪಿನ ಒದ್ದೆ.

ಮೊದಲು ಗಾತ್ರ. ಸುರಕ್ಷಾ ಚಿಹ್ನೆಗಳ ಅಂತರರಾಷ್ಟ್ರೀಯ ಮಾನಕ 3864ರ 1984ರ ಆವೃತ್ತಿಯಲ್ಲಿ ಒಂದು ಸರಳ ಸೂತ್ರವಿತ್ತು: ಫಲಕದ ವಿಸ್ತೀರ್ಣ, ನೋಡುವ ದೂರದ ವರ್ಗವನ್ನು 2000ದಿಂದ ಭಾಗಿಸಿದಷ್ಟಾದರೂ ಇರಬೇಕು (ಅಳತೆ ಮೀಟರಿನಲ್ಲಿ). ನಮ್ಮ ದೊಡ್ಡ ಫಲಕ 250 x 200 ಮಿ.ಮೀ., ಅಂದರೆ 0.05 ಚದರ ಮೀಟರ್; ದೂರ ಸರಿಯಾಗಿ 10 ಮೀಟರ್. ಚಿಕ್ಕದು 200 x 150 ಮಿ.ಮೀ.; ದೂರ ಸುಮಾರು 7.7 ಮೀಟರ್. ಯಂತ್ರದ ಕೋಣೆಗೆ ಇದು ಧಾರಾಳ. ಆದ್ದರಿಂದ ಗಾತ್ರವನ್ನು ದೂರುವಂತಿಲ್ಲ.

ದೂರಬೇಕಾದದ್ದು 250 ವೋಲ್ಟಿನ ಗೆರೆಯನ್ನು. ಮೂರು ಫೇಸಿನ ಮೋಟಾರು ಈ ಗೆರೆಯಾಚೆ ಬರುತ್ತದೆ. 230 ವೋಲ್ಟಿನ ದೀಪ, ಪಂಪು, ಕೈಯಲ್ಲಿ ಹಿಡಿಯುವ ಗ್ರೈಂಡರು ಈಚೆಗೇ ಉಳಿಯುತ್ತವೆ. ಚರ್ಮ ನೆನೆದಾಗ ದೇಹದ ರೋಧ ಸುಮಾರು 1000 ಓಮ್‌ಗೆ ಇಳಿಯಬಲ್ಲದು. ಓಮನ ನಿಯಮ ಹಚ್ಚಿ ನೋಡಿ: 230 ಮಿಲಿಆಂಪಿಯರ್. ಜೀವರಕ್ಷಣೆಗೆಂದು ಹಾಕುವ ಸೋರಿಕೆ ತಡೆಯ ಸ್ವಿಚ್ಚು 30 ಮಿಲಿಆಂಪಿಯರಿಗೇ ಕಡಿದುಕೊಳ್ಳಬೇಕೆಂದು ನಿಗದಿಯಾಗಿರುವುದನ್ನು ನೆನೆದರೆ ಇದೆಷ್ಟು ಹೆಚ್ಚೆಂದು ತಿಳಿಯುತ್ತದೆ. ಫಲಕ ಎಲ್ಲಿರಬೇಕೆಂಬುದನ್ನು ವೋಲ್ಟೇಜು ಒಂದೇ ತೀರ್ಮಾನಿಸುವುದು ಕರಾವಳಿಯ ಕೆಲಸದ ಜಾಗಕ್ಕೆ ಹೊಂದುವುದಿಲ್ಲ.

ಇನ್ನು ಚಿತ್ರ. ರಾಸಾಯನಿಕಗಳ ಲೇಬಲ್ಲಿಗಾಗಿ ವಿಶ್ವಸಂಸ್ಥೆ ರೂಪಿಸಿದ ಪದ್ಧತಿಯಲ್ಲಿ ತಲೆಬುರುಡೆಗೆ ವಿಷ ಎಂದರ್ಥ. ಮಂಜುಗಡ್ಡೆ ಕಾರ್ಖಾನೆಯನ್ನು ತಂಪಾಗಿಸುವ ಅಮೋನಿಯ ಅನಿಲಕ್ಕೂ ಅದೇ ಚಿಹ್ನೆ. ಅನಿಲ ಸೋರಿದಾಗ ಹೊರಗೆ ಓಡಬೇಕು. ಕರೆಂಟು ಹಿಡಿದಾಗ ಮೊದಲು ಸ್ವಿಚ್ ಆರಿಸಬೇಕು. ಮಾಡಬೇಕಾದ್ದು ಬೇರೆ, ಬುರುಡೆ ಮಾತ್ರ ಒಂದೇ! ಹಳದಿ ತ್ರಿಕೋನದೊಳಗೆ ಕಪ್ಪು ಮಿಂಚಿನ ಬಾಣವಿರುವ ಅಂತರರಾಷ್ಟ್ರೀಯ ಚಿಹ್ನೆ ಇಲ್ಲಿ ಮೇಲು. ಅದು ಅಪಾಯ ಯಾವುದೆಂದು ಹೇಳುತ್ತದೆ. ಬುರುಡೆಯನ್ನು ಕಾನೂನು ಕೇಳುವುದರಿಂದ ಎರಡನ್ನೂ ಅಕ್ಕಪಕ್ಕ ಹಾಕಲು ಅಡ್ಡಿಯಿಲ್ಲ.

ನನ್ನ ಮುಖ್ಯ ಆಕ್ಷೇಪಣೆ ಬೇರೆ. ಫಲಕ ಹೆದರಿಸುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ. ಜನರೇಟರ್ ಇರುವ ಕಾರ್ಖಾನೆಯಲ್ಲಿ ಹೆಸ್ಕಾಂ ಸರಬರಾಜನ್ನು ನಿಲ್ಲಿಸಿದರೂ ಚೇಂಜ್‌ಓವರ್ ಪೆಟ್ಟಿಗೆಯ ಇನ್ನೊಂದು ಬದಿಯ ಟರ್ಮಿನಲ್‌ಗಳಲ್ಲಿ ಕರೆಂಟ್ ಇರಬಹುದು. ಕಂಪ್ರೆಸರ್ ಮೋಟಾರಿನ ಪವರ್ ಫ್ಯಾಕ್ಟರ್ ಸುಧಾರಿಸಲು ಜೋಡಿಸಿದ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ವಿದ್ಯುದಂಶವನ್ನು ಹಿಡಿದಿಟ್ಟಿರುತ್ತವೆ. “ಎರಡು ಕಡೆಯಿಂದ ಕರೆಂಟ್ ಬರುತ್ತದೆ, ಎರಡನ್ನೂ ಆಫ್ ಮಾಡಿ ಬೀಗ ಹಾಕಿ”, “ಆಫ್ ಮಾಡಿ ಐದು ನಿಮಿಷ ಕಾಯಿರಿ, ಪರೀಕ್ಷಿಸಿ ಮುಟ್ಟಿ” ಎಂಬ ಎರಡು ಸಾಲು “ಅಪಾಯ 440 ವೋಲ್ಟ್” ಎಂಬುದಕ್ಕಿಂತ ಕೆಲಸಗಾರನಿಗೆ ಹೆಚ್ಚು ಉಪಯುಕ್ತ. ಅಮೆರಿಕದ ಲೇಬಲ್ ಮಾನಕ ಅಪಾಯ ಯಾವುದು, ಅದರಿಂದ ಏನಾದೀತು, ತಪ್ಪಿಸಿಕೊಳ್ಳುವುದು ಹೇಗೆ ಎಂಬ ಮೂರನ್ನೂ ಕೇಳುತ್ತದೆ. ನಮ್ಮ ಫಲಕ ಎರಡನೆಯದಕ್ಕೇ ನಿಂತಿದೆ.

ಭಾಷೆಯ ತೊಡಕೂ ಉಂಟು. ಕಾರವಾರದ ಕಡೆ ಅನೇಕರ ಮನೆಮಾತು ಕೊಂಕಣಿ, ಅಂಕೋಲೆಯಲ್ಲಿ ಹಾಲಕ್ಕಿ ಕನ್ನಡವೂ ಇದೆ. ಬಂದರಿನ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದವರೂ ಇದ್ದಾರೆ. ಹೀಗಾಗಿ ಬೀಗ ಹಾಕಿದ ಸ್ವಿಚ್ಚಿನ ಚಿತ್ರವೂ ಸಾಲುಗಳ ಜೊತೆಗೆ ಬೇಕು.

ಕೊನೆಯದಾಗಿ ಬಾಳಿಕೆ. ಎನಾಮಲ್ ಲೇಪದ ಉಕ್ಕಿನ ತಗಡು ಸಾಮಾನ್ಯವಾಗಿ ಮೊಳೆಯ ತೂತಿನಲ್ಲಿ ಸೀಳುತ್ತದೆ. ಉಪ್ಪುಗಾಳಿಗೆ ತುಕ್ಕು ಅಲ್ಲಿಂದಲೇ ಒಳಗೆ ಹಬ್ಬುತ್ತದೆ. ಅಂಟಿಸುವ ಸ್ಟಿಕ್ಕರುಗಳಲ್ಲಿ ಬಿಸಿಲಿಗೆ ಮೊದಲು ಮಾಸುವುದು ಹೆಚ್ಚಾಗಿ ಕೆಂಪು ಬಣ್ಣ, ಅಂದರೆ ಫಲಕದಲ್ಲಿ ಓದಬೇಕಾದ ಭಾಗವೇ. ಮಳೆಗಾಲ ಮುಗಿದೊಡನೆ ಮೋಟಾರುಗಳ ಜೊತೆಗೆ ಫಲಕಗಳನ್ನೂ ತಪಾಸಣೆಯ ಪಟ್ಟಿಗೆ ಸೇರಿಸುವುದು ಖರ್ಚಿನ ಕೆಲಸವೇನಲ್ಲ.